ಪುರಾತನ ಇಗ್ನಿಷನ್ ಕಾಯಿಲ್‌ಗಳನ್ನು ಗುರುತಿಸುವ ಬಗೆ

ಹಳೆಯ ಎಂಜಿನ್ನುಗಳ ಗುಜರಿಯನ್ನು ಕೊಳ್ಳುವ ವರ್ತಕರಿಗೆ ಒಮ್ಮೊಮ್ಮೆ ಪುಟ್ಟ ಮರದ ಪೆಟ್ಟಿಗೆಯೋ, ಟಾರು ತುಂಬಿದ ತಗಡಿನ ಡಬ್ಬಿಯೋ ದೊರೆಯುವುದುಂಟು. ಅದನ್ನು ತೂಕಕ್ಕೆ ಹಾಕಿದರೆ ಒಳಗಿನ ತಾಮ್ರದ ಬೆಲೆಯಷ್ಟೇ ಸಿಗುತ್ತದೆ. ಹಳೆಯ ಕಾರುಗಳನ್ನು ಪುನಶ್ಚೇತನಗೊಳಿಸುವವರ ಕೈಗೆ ಅದೇ ವಸ್ತು ಸರಿಯಾದ ವಿವರಣೆಯೊಡನೆ ತಲುಪಿದರೆ ಬೆಲೆ ಬೇರೆಯೇ ಆಗುತ್ತದೆ. ವಿವರಣೆ ತಪ್ಪಾಗಿದ್ದರೆ ಮಾಲು ಹಿಂದಿರುಗಿ ಬರುತ್ತದೆ. ಕಳೆದುಹೋದ ವಿಶ್ವಾಸ ಮಾತ್ರ ಹಿಂದಿರುಗುವುದಿಲ್ಲ. ಆದುದರಿಂದ ಇಂತಹ ಕಾಯಿಲ್‌ಗಳನ್ನು ಕ್ರಮಬದ್ಧವಾಗಿ ಗುರುತಿಸುವ ವಿಧಾನವನ್ನು ವರ್ತಕರೂ ಸಣ್ಣ ಉದ್ದಿಮೆದಾರರೂ ಅರಿತಿರುವುದು ಲಾಭದಾಯಕ.

ಕಾಯಿಲ್‌ನ ಕಾರ್ಯ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿ ಇಂಧನಕ್ಕೆ ಕಿಡಿ ತಾಗಿಸಲು ಬ್ಯಾಟರಿಯ ಅಲ್ಪ ವೋಲ್ಟೇಜು ಸಾಲದು. ಕಬ್ಬಿಣದ ತಂತಿಗಳ ಕಂತೆಯ ಮೇಲೆ ದಪ್ಪ ತಂತಿಯ ಕೆಲವೇ ಸುತ್ತುಗಳನ್ನೂ, ಅದರ ಮೇಲೆ ಕೂದಲೆಳೆಯಂತಹ ತಂತಿಯ ಸಾವಿರಾರು ಸುತ್ತುಗಳನ್ನೂ ಸುತ್ತಿ, ದಪ್ಪ ಸುತ್ತಿನ ವಿದ್ಯುತ್ತನ್ನು ಥಟ್ಟನೆ ಕಡಿದರೆ, ತೆಳು ಸುತ್ತಿನಲ್ಲಿ ಸಾವಿರಾರು ವೋಲ್ಟುಗಳು ಉಂಟಾಗುತ್ತವೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ಪ್ಯಾರಿಸ್ಸಿನಲ್ಲಿ ಹೈನ್ರಿಷ್ ರುಮ್‌ಕೋರ್ಫ್ ಪ್ರಚಾರಕ್ಕೆ ತಂದ ಈ ಸಾಧನವನ್ನು ಲೆನ್ವಾರ್ 1860ರ ತಮ್ಮ ಅನಿಲ ಎಂಜಿನ್ನಿಗೆ ಬಳಸಿಕೊಂಡರು. 1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್ ಅವರ ಮೋಟಾರು ಬಂಡಿಯಲ್ಲಿಯೂ ಇದೇ ತತ್ವದ ಕಾಯಿಲ್ ಇತ್ತು.

ಮೂರು ಮುಖ್ಯ ವರ್ಗಗಳು

1. ಒಂಟಿ ಸುತ್ತಿನ ಕಾಯಿಲ್: ಇದರಲ್ಲಿ ದಪ್ಪ ತಂತಿಯ ಸುತ್ತು ಮಾತ್ರ ಇರುತ್ತದೆ; ತುದಿಗಳು ಎರಡೇ. ತೋಟದ ನೀರೆತ್ತುವ ಎಂಜಿನ್, ದೋಣಿಯ ಎಂಜಿನ್ ಮೊದಲಾದ ನಿಧಾನಗತಿಯ ಯಂತ್ರಗಳಲ್ಲಿ ಸಿಲಿಂಡರಿನೊಳಗೇ ಎರಡು ಲೋಹದ ತುದಿಗಳು ಕೂಡಿ ಅಗಲುವಾಗ ಕಿಡಿ ಹಾರುತ್ತಿತ್ತು. ಅಂತಹ ಎಂಜಿನ್ನುಗಳಿಗೆ ಇದು ಸೇರಿದ್ದು. ಸ್ಪಾರ್ಕ್ ಪ್ಲಗ್ ಇರುವ ಎಂಜಿನ್ನಿಗೆ ಇದು ಸರ್ವಥಾ ಉಪಯೋಗವಿಲ್ಲ.

2. ಕಂಪಕವುಳ್ಳ ಕಾಯಿಲ್: ಮರದ ಪೆಟ್ಟಿಗೆ, ಅದರ ತಲೆಯ ಮೇಲೆ ಉಕ್ಕಿನ ಪಟ್ಟಿ, ಪಟ್ಟಿಯ ಮೇಲೆ ಕಾಂಟ್ಯಾಕ್ಟ್ ಪಾಯಿಂಟುಗಳು. ವಿದ್ಯುತ್ ಹರಿದೊಡನೆ ಪಟ್ಟಿಯು ದುಂಬಿಯಂತೆ ಝೇಂಕರಿಸುತ್ತ ಕಿಡಿಗಳ ಸಾಲನ್ನೇ ಕೊಡುತ್ತದೆ. ಇದರ ಪ್ರಸಿದ್ಧ ಮಾದರಿ 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನದು. ಪ್ರತಿ ಸಿಲಿಂಡರಿಗೆ ಒಂದರಂತೆ ಕಾರಿಗೆ ನಾಲ್ಕು ಕಾಯಿಲ್‌ಗಳು. ಫ್ಲೈವೀಲಿಗೆ ಜೋಡಿಸಿದ 16 ಅಯಸ್ಕಾಂತಗಳ ಮ್ಯಾಗ್ನೆಟೋದಿಂದ ಇವಕ್ಕೆ ವಿದ್ಯುತ್ ಒದಗುತ್ತಿತ್ತು.

3. ಕಂಪಕವಿಲ್ಲದ ಕಾಯಿಲ್: ಇಲ್ಲಿ ವಿದ್ಯುತ್ತನ್ನು ಕಡಿಯುವ ಪಾಯಿಂಟುಗಳು ಕಾಯಿಲ್‌ನಲ್ಲಿರದೆ ಎಂಜಿನ್ನಿನ ಮೇಲಿರುತ್ತವೆ. ಫ್ರಾನ್ಸಿನ ಡಿ ಡಿಯೊನ್-ಬುಟೊನ್ ಸಂಸ್ಥೆಯು 1895ರಲ್ಲಿಯೇ ಈ ಕ್ರಮವನ್ನು ಅನುಸರಿಸಿತ್ತು. ಚಾರ್ಲ್ಸ್ ಕೆಟರಿಂಗ್ ಅವರ ಡೆಲ್ಕೋ ಸಂಸ್ಥೆಯು 1912ರ ಕ್ಯಾಡಿಲಾಕ್ ಕಾರಿಗೆ ಸ್ವಯಂಚಾಲಕ ಸ್ಟಾರ್ಟರಿನೊಡನೆ ಬ್ಯಾಟರಿ ಇಗ್ನಿಷನ್ ಒದಗಿಸಿದ ಬಳಿಕ ಇದೇ ಪದ್ಧತಿ ಕ್ರಮೇಣ ಎಲ್ಲೆಡೆ ಹರಡಿತು. ಜರ್ಮನಿಯ ಬಾಷ್ ಸಂಸ್ಥೆಯ ಬ್ಯಾಟರಿ ಇಗ್ನಿಷನ್ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. ನಮ್ಮ ಮೆಕ್ಯಾನಿಕ್‌ಗಳಿಗೆ ಪರಿಚಿತವಾದ, ಎರಡು ಸಣ್ಣ ತುದಿಗಳೂ ನಡುವೆ ಒಂದು ಗೋಪುರವೂ ಇರುವ ಡಬ್ಬಿ ಕಾಯಿಲ್ ಈ ವರ್ಗದ್ದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈ ಮೂರನೆಯ ವರ್ಗದ ಆರಂಭದ ಕಾಯಿಲ್‌ಗಳೂ ಮರದ ಪೆಟ್ಟಿಗೆಯಲ್ಲಿಯೇ ಬರುತ್ತಿದ್ದವು. ತಲೆಯ ಮೇಲೆ ಕಂಪಕವಿಲ್ಲವೆಂದ ಮಾತ್ರಕ್ಕೆ ಅದು ಕಳಚಿಹೋಗಿದೆಯೆಂದು ಭಾವಿಸಬಾರದು. ಕಂಪಕವನ್ನು ಕೂರಿಸಿದ್ದ ತಿರುಪಿನ ರಂಧ್ರಗಳು ಇವೆಯೇ ಎಂದು ಮೊದಲು ಪರಿಶೀಲಿಸಬೇಕು.

ಹೆಸರನ್ನು ಎಷ್ಟು ನಂಬಬಹುದು?

ಬಹುಮಂದಿ ಮೊದಲು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಅದು ದಾರಿ ತೋರಿಸುತ್ತದೆ, ನಿರ್ಣಯ ಕೊಡುವುದಿಲ್ಲ. ಕ್ಲೀವ್‌ಲ್ಯಾಂಡಿನ ಕೆ-ಡಬ್ಲ್ಯೂ, ಲೋವೆಲ್ಲಿನ ಹೈನ್ಝ್, ಕೊಕೊಮೊದ ಕಿಂಗ್‌ಸ್ಟನ್, ಪಿಟ್ಸ್‌ಫೀಲ್ಡಿನ ಜೇಕಬ್‌ಸನ್-ಬ್ರ್ಯಾಂಡೋ ಇವರೆಲ್ಲರೂ ಫೋರ್ಡ್ ಸಂಸ್ಥೆಗೆ ಕಾಯಿಲ್ ಒದಗಿಸಿದವರೇ. ಆರಂಭದ ವರ್ಷಗಳಲ್ಲಿ ಇವರ ಕಾಯಿಲ್‌ಗಳ ಅಳತೆಯೂ ಸಂಪರ್ಕಬಿಂದುಗಳ ಸ್ಥಾನವೂ ಭಿನ್ನವಾಗಿದ್ದು, ಒಬ್ಬರದು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಕೂರುತ್ತಿರಲಿಲ್ಲ. 1913ರ ಸುಮಾರಿಗೆ ಏಕರೂಪದ ಮಾದರಿ ರೂಢಿಗೆ ಬಂದಿತು. ತಳದಲ್ಲಿ ಒಂದು, ಒಂದು ಪಕ್ಕದಲ್ಲಿ ಎರಡು ಲೋಹದ ಗುಂಡಿಗಳು ಇದರ ಗುರುತು. ಇದಲ್ಲದೆ ನೂರು ವರ್ಷಗಳ ಅವಧಿಯಲ್ಲಿ ಕಂಪಕಗಳು, ಮುಚ್ಚಳಗಳು ಎಷ್ಟೋ ಬಾರಿ ಬದಲಾಗಿರುತ್ತವೆ. ಬ್ರಿಟನ್ನಿನ ಲೂಕಾಸ್ ಕಾಯಿಲ್‌ಗಳಲ್ಲಿ ಮಾತ್ರ ಲೋಹದ ಮೇಲೆ ಒತ್ತಿದ ತಿಂಗಳು-ವರ್ಷದ ಅಂಕಿ ಅನೇಕ ವೇಳೆ ಕಾಣಸಿಗುತ್ತದೆ. ಅದು ಉತ್ತಮ ಸಾಕ್ಷ್ಯ.

ಪರೀಕ್ಷೆಯ ಕ್ರಮ

ಮೊದಲನೆಯದಾಗಿ, ತುದಿಗಳನ್ನು ಎಣಿಸಿ, ಚಿತ್ರ ಬರೆದುಕೊಳ್ಳಿರಿ. ಎರಡನೆಯದಾಗಿ, ಸಾಧಾರಣ ಮಲ್ಟಿಮೀಟರಿನಿಂದ ಪ್ರತಿಯೊಂದು ಜೋಡಿ ತುದಿಗಳ ನಡುವಣ ರೋಧವನ್ನು ಅಳೆಯಿರಿ. ಒಂದು ಜೋಡಿಯಲ್ಲಿ ಕೆಲವೇ ಓಮ್ ಅಥವಾ ಅದಕ್ಕೂ ಕಡಿಮೆ, ಇನ್ನೊಂದರಲ್ಲಿ ಸಾವಿರಾರು ಓಮ್ ಕಂಡುಬಂದರೆ ಸುತ್ತುಗಳು ಎರಡಿವೆ. ಎಲ್ಲಿಯೂ ಸಾವಿರದ ಅಂಕಿ ಬಾರದಿದ್ದರೆ ಅದು ಒಂಟಿ ಸುತ್ತಿನದು, ಇಲ್ಲವೆ ತೆಳು ಸುತ್ತು ಹರಿದುಹೋಗಿದೆ. ಕಂಪಕವುಳ್ಳ ಕಾಯಿಲ್‌ನಲ್ಲಿ ಪಾಯಿಂಟುಗಳು ಕಿಲುಬು ಹಿಡಿದಿದ್ದರೆ ದಪ್ಪ ಸುತ್ತೂ ತುಂಡಾದಂತೆ ತೋರುತ್ತದೆ. ಅವನ್ನು ಶುಚಿಗೊಳಿಸಿ ಮತ್ತೊಮ್ಮೆ ಅಳೆಯಬೇಕು.

ಡಬ್ಬಿ ಕಾಯಿಲ್‌ಗಳಲ್ಲಿ ದಪ್ಪ ಸುತ್ತಿನ ರೋಧವು ಸಾಮಾನ್ಯವಾಗಿ 6 ವೋಲ್ಟಿನದಕ್ಕೆ ಒಂದೂವರೆ ಓಮ್ ಆಸುಪಾಸಿನಲ್ಲಿಯೂ, 12 ವೋಲ್ಟಿನದಕ್ಕೆ ಮೂರು ಓಮ್ ಆಸುಪಾಸಿನಲ್ಲಿಯೂ ಇರುತ್ತದೆ. ಆದರೆ ಹೊರಗೆ ಪ್ರತ್ಯೇಕ ರೋಧಕ ಬಳಸುವ 12 ವೋಲ್ಟ್ ಕಾಯಿಲ್ ಕೂಡ ಒಂದೂವರೆ ಓಮ್ ತೋರಿಸಬಹುದು. ಅಂಕಿಯೊಂದನ್ನೇ ನೆಚ್ಚಿ ವೋಲ್ಟೇಜು ಬರೆಯುವುದು ಸಲ್ಲದು.

ಮೂರನೆಯದು ಕಿಡಿಯ ಪರೀಕ್ಷೆ. ಕಂಪಕವುಳ್ಳ ಕಾಯಿಲ್‌ಗೆ 6 ವೋಲ್ಟ್ ಬ್ಯಾಟರಿ ಸಾಕು. ಕಿಡಿ ಹಾರಲು ಸುಮಾರು 6 ಮಿಲಿಮೀಟರ್ ಅಂತರವನ್ನು ಕಡ್ಡಾಯವಾಗಿ ಕಲ್ಪಿಸಬೇಕು. ಕಿಡಿಗೆ ಹಾದಿಯಿಲ್ಲದಿದ್ದರೆ ಅದು ಒಳಗಿನ ನಿರೋಧಕವನ್ನೇ ಸುಟ್ಟು ಹಾದಿ ಮಾಡಿಕೊಳ್ಳುತ್ತದೆ. ಬರಿಗೈ ಸೋಕಿಸಬಾರದು. ಕಿಡಿ ಬಂದರೂ ಕಾಯಿಲ್ ಓಟಕ್ಕೆ ಯೋಗ್ಯವೆಂದು ಹೇಳಲಾಗದು. ಮೇಣದ ಕಾಗದದ ಹಳೆಯ ಕಂಡೆನ್ಸರ್ ಬಹುತೇಕ ಸೋರುತ್ತಿರುತ್ತದೆ. ರಿಪೇರಿಯವರು ಅದರ ಬದಲಿಗೆ ಸಾಮಾನ್ಯವಾಗಿ 0.47 ಮೈಕ್ರೊಫ್ಯಾರಡಿನ ಹೊಸ ಕಂಡೆನ್ಸರ್ ಕೂರಿಸುತ್ತಾರೆ. ಒಳಗೇನಿದೆಯೆಂಬ ಕುತೂಹಲದಿಂದ ಟಾರನ್ನು ಕಾಯಿಸಿ ಕರಗಿಸುವುದು ಮಾಲನ್ನು ಕೆಡಿಸಿದಂತೆಯೇ.

ಬೆಲೆ ಮತ್ತು ಬಿಲ್ಲು

ಹಳೆಯದೆಲ್ಲವೂ ವಿರಳವಲ್ಲ. ಮಾಡೆಲ್ ಟಿ ಕಾರುಗಳು ಒಂದೂವರೆ ಕೋಟಿಗೂ ಮಿಗಿಲಾಗಿ ತಯಾರಾದವು. ನಾಲ್ಕರಂತೆ ಲೆಕ್ಕ ಹಾಕಿದರೆ ಕಾಯಿಲ್‌ಗಳ ಸಂಖ್ಯೆ ಆರು ಕೋಟಿ ದಾಟುತ್ತದೆ. ಏಕರೂಪ ಮಾದರಿಗೆ ಮೊದಲಿನ, ಮೂಲ ಕಂಪಕ ಉಳಿದಿರುವ ಕಾಯಿಲ್‌ಗಳೇ ಹೆಚ್ಚು ಅಪೂರ್ವ.

ಬಿಲ್ಲಿನಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ: ವರ್ಗ, ತುದಿಗಳ ಸಂಖ್ಯೆ, ಅಳೆದ ಓಮ್, ಮೇಲಿರುವ ಹೆಸರು, ಬದಲಾದ ಭಾಗಗಳು. ಇಂತಹ ಕಾರಿನದೆಂಬ ಊಹೆಯನ್ನು ಖಚಿತ ಮಾತಿನಂತೆ ಬರೆಯಬೇಡಿರಿ. ಕಂಪಕ, ಕಂಡೆನ್ಸರ್, ಮರದ ಪೆಟ್ಟಿಗೆಗಳನ್ನು ಹೊಸದಾಗಿ ತಯಾರಿಸುವ ಉದ್ದಿಮೆದಾರರು ಅವುಗಳ ಮೇಲೆ ತಮ್ಮದೇ ಗುರುತನ್ನು ಅಳಿಸಲಾಗದಂತೆ ಒತ್ತುವುದು ನ್ಯಾಯ. ಹಳೆಯ ಹೆಸರನ್ನು ಒತ್ತಿದರೆ ಮುಂದೆ ಕೊಳ್ಳುವವರೆಲ್ಲರೂ ಮೋಸಹೋಗುತ್ತಾರೆ. ಹೊರದೇಶಕ್ಕೆ ಕಳುಹಿಸುವವರು ಇನ್ನೊಂದನ್ನು ಗಮನಿಸತಕ್ಕದ್ದು. 1972ರ ಪುರಾತನ ವಸ್ತುಗಳ ಕಾಯಿದೆಯು ನೂರು ವರ್ಷ ಮೀರಿದ ಹಲವು ಬಗೆಯ ವಸ್ತುಗಳ ರಫ್ತನ್ನು ನಿರ್ಬಂಧಿಸುತ್ತದೆ. ಮಾಲು ಕಟ್ಟುವ ಮುನ್ನವೇ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಒಂದು ಮಲ್ಟಿಮೀಟರ್, ಒಂದು ಬ್ಯಾಟರಿ, ಕಾಲು ಗಂಟೆಯ ತಾಳ್ಮೆ: ಈ ಪರೀಕ್ಷೆಗೆ ಬೇಕಾದ ಬಂಡವಾಳ ಇಷ್ಟೇ. ಅದನ್ನು ಹೂಡದೆ ತಕ್ಕಡಿಗೆ ಹಾಕಿದ ಕಾಯಿಲ್ ಕುಲುಮೆ ಸೇರಿದ ಮೇಲೆ ಮತ್ತೆ ದೊರೆಯುವುದಿಲ್ಲ.