ಬಿದಿರನ್ನೇ ನಂಬಿದ ಹಕ್ಕಿಗಳು

ಕಾಮರ್ಸ್ ಓದುವ ಹುಡುಗನಿಗೂ ಕಾಡಿನ ಹಕ್ಕಿಗಳಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಅಬ್ಬಾ ಬೊಂಬು ಮತ್ತು ಏಣಿಗಳ ವ್ಯಾಪಾರ ಮಾಡುತ್ತಾರೆ. ಮನೆಯಲ್ಲಿ ನಾವು ಉರ್ದುವಿನಲ್ಲಿ ‘ಬಾಂಸ್’ ಎನ್ನುತ್ತೇವೆ, ಅಂಗಡಿಗೆ ಬರುವ ಗಿರಾಕಿಗಳು ‘ಬೊಂಬು’ ಎನ್ನುತ್ತಾರೆ, ಶಾಲೆಯ ಪುಸ್ತಕದಲ್ಲಿ ಅದು ‘ಬಿದಿರು’. ಹೆಸರು ಮೂರಾದರೂ ನಮಗೆ ಅದು ಮಾರುವ ಸರಕು. ಆದರೆ ದಕ್ಷಿಣ ಅಮೆರಿಕದ ಅಮೆಜಾನ್ ಮಳೆಕಾಡಿನಲ್ಲಿ ಬಿದಿರೇ ಮನೆ, ಬಿದಿರೇ ಊಟ ಎಂದು ಬದುಕುವ ಹಕ್ಕಿಗಳಿವೆ. ಅವುಗಳ ಬಗ್ಗೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಿದೆ ಈ ಬಿದಿರು?

ಪೆರು, ಬ್ರೆಜಿಲ್ ಮತ್ತು ಬೊಲಿವಿಯಾ ದೇಶಗಳು ಸೇರುವ ನೈಋತ್ಯ ಅಮೆಜಾನ್‌ನಲ್ಲಿ ‘ಗ್ವಾಡುವಾ’ ಎಂಬ ಮುಳ್ಳುಬಿದಿರು ಬೆಳೆಯುತ್ತದೆ. ಈ ಬಿದಿರುಕಾಡಿನ ವಿಸ್ತೀರ್ಣ ಸುಮಾರು 1.6 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕ ಸುಮಾರು 1.92 ಲಕ್ಷ ಚದರ ಕಿಲೋಮೀಟರ್ ಎಂದರೆ ಅದರ ಗಾತ್ರ ನಿಮಗೆ ಅಂದಾಜಾಗುತ್ತದೆ. ಈ ಬಿದಿರು ಮುಳ್ಳುಗಳ ಸಹಾಯದಿಂದ ಪಕ್ಕದ ಮರಗಳಿಗೆ ಒರಗಿ ಮೇಲಕ್ಕೇರುತ್ತದೆ. ಹೀಗೆ ಮಳೆಕಾಡಿನ ಒಳಗೇ ದಟ್ಟವಾದ ಬಿದಿರುಮೆಳೆಗಳು ಹುಟ್ಟುತ್ತವೆ.

ಕೆಲಸ ಹಂಚಿಕೊಂಡ ಹಕ್ಕಿಗಳು

ಪೆರುವಿನ ತಂಬೊಪಾಟಾ ಪ್ರದೇಶದಲ್ಲಿ ಆಂಡ್ರ್ಯೂ ಕ್ರಾಟರ್ ಎಂಬ ವಿಜ್ಞಾನಿ ಇಂತಹ ಹಕ್ಕಿಗಳನ್ನು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದರು. ಅಲ್ಲಿ ಸುಮಾರು ಇಪ್ಪತ್ತು ಜಾತಿಯ ಹಕ್ಕಿಗಳು ಹೆಚ್ಚಾಗಿ ಬಿದಿರನ್ನೇ ಅವಲಂಬಿಸಿವೆ. ಇವುಗಳಲ್ಲಿ ಬಹುತೇಕ ಹಕ್ಕಿಗಳಿಗೆ ಹುಳುಹುಪ್ಪಟೆಯೇ ಆಹಾರ.

ವ್ಯವಹಾರ ಅಧ್ಯಯನದಲ್ಲಿ ನಾವು ಹೆನ್ರಿ ಫಯೋಲ್ ಅವರ ಹದಿನಾಲ್ಕು ತತ್ವಗಳನ್ನು ಓದುತ್ತೇವೆ. ಅದರಲ್ಲಿ ಮೊದಲನೆಯದೇ ಕೆಲಸದ ವಿಭಜನೆ. ಬಿದಿರುಮೆಳೆಯಲ್ಲೂ ಅದೇ ಕಾಣುತ್ತದೆ. ಕೆಂದಲೆಯ ಮರಕುಟಿಗ ಬಿದಿರಿನ ಗಳವನ್ನು ಕುಕ್ಕಿ ಒಳಗಿನ ಇರುವೆಗಳನ್ನು ತಿನ್ನುತ್ತದೆ. ಪೆರುವಿನ ರಿಕರ್ವ್‌ಬಿಲ್ ಹಕ್ಕಿಯ ಕೊಕ್ಕು ಉಳಿಯಂತಿದ್ದು, ಕೆಳಭಾಗ ಮೇಲಕ್ಕೆ ಬಾಗಿದೆ. ಅದು ಗಳಗಳನ್ನು ಸೀಳಿ ಹುಳು ಹುಡುಕುತ್ತದೆ. ಪುಟ್ಟ ನೊಣಹಿಡುಕಗಳು ಎಲೆಯ ಕೆಳಗೆ ಕಾದು ಕುಳಿತು, ಚಂಗನೆ ಮೇಲೆ ಹಾರಿ ಎಲೆಯ ಅಡಿಯ ಕೀಟವನ್ನು ಹಿಡಿಯುತ್ತವೆ. ಮೆಳೆಯಲ್ಲಿ ಸಿಕ್ಕಿಕೊಂಡ ಒಣ ಎಲೆಗಳನ್ನು ತಡಕುವ ಹಕ್ಕಿಗಳೇ ಬೇರೆ. ಸರಕು ಒಂದೇ, ಆದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಷ್ಟಾಗಿ ಅಡ್ಡ ಬರುವುದಿಲ್ಲ. ಇಷ್ಟು ದಟ್ಟವಾದ ಮುಳ್ಳಿನ ಮೆಳೆಯಲ್ಲಿ ಹಕ್ಕಿಯನ್ನು ನೋಡುವುದಕ್ಕಿಂತ ಕೂಗು ಕೇಳಿ ಗುರುತಿಸುವುದೇ ಸುಲಭ. ‘ಮನು ಇರುವೆಹಕ್ಕಿ’ಗೆ ವಿಜ್ಞಾನಿಗಳು ಹೆಸರಿಟ್ಟದ್ದೇ 1990ರಲ್ಲಿ. ಅದು ಪೆರುವಿನ ಮನು ಎಂಬ ಪ್ರದೇಶದ ಹೆಸರು.

ಬಿದಿರು ಹೂ ಬಿಟ್ಟಾಗ

ಗ್ವಾಡುವಾ ಬಿದಿರು ಸುಮಾರು 28 ವರ್ಷ ಬದುಕುತ್ತದೆ. ಕೊನೆಗೆ ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಉದುರಿಸಿ, ಒಂದು ಪ್ರದೇಶದ ಮೆಳೆಗಳೆಲ್ಲ ಒಟ್ಟಿಗೆ ಸಾಯುತ್ತವೆ. ಹೊಸ ಸಸಿಗಳು ಮತ್ತೆ ಎತ್ತರದ ಮೆಳೆಗಳಾಗಲು ಹತ್ತು ವರ್ಷಕ್ಕೂ ಮೇಲೆ ಬೇಕು. ಅಲ್ಲಿಯವರೆಗೆ ಹಕ್ಕಿಗಳು ಏನು ಮಾಡಬೇಕು?

ಅಬ್ಬಾ ಯಾವಾಗಲೂ ಹೇಳುತ್ತಾರೆ: “ಒಂದೇ ಡಿಪೋ ನಂಬಿ ಅಂಗಡಿ ಇಡಬೇಡ ಬೇಟಾ.” ಈ ಹಕ್ಕಿಗಳನ್ನು ಇಲ್ಲಿಯವರೆಗೆ ಕಾಪಾಡಿದ್ದು ಒಂದೇ ವಿಷಯ. ಎಲ್ಲ ಪ್ರದೇಶದ ಬಿದಿರು ಒಂದೇ ವರ್ಷ ಸಾಯುವುದಿಲ್ಲ. ಇಲ್ಲಿ ಸತ್ತರೆ ಇನ್ನೊಂದು ಕಡೆ ಹಸಿರಾಗಿರುತ್ತದೆ. ಕಾಡು ಒಂದಕ್ಕೊಂದು ಸೇರಿಕೊಂಡಿದ್ದರೆ ಹಕ್ಕಿ ಅಲ್ಲಿಗೆ ಹೋಗಬಹುದು. ಆದರೆ ನಡುವೆ ಕಾಡು ಕಡಿದು ರಸ್ತೆ, ಹೊಲ, ಚಿನ್ನದ ಗಣಿ ಬಂದರೆ, ನೆರಳಿನಲ್ಲೇ ಬದುಕುವ ಪುಟ್ಟ ಹಕ್ಕಿಗಳಿಗೆ ಆ ಬಯಲನ್ನು ದಾಟುವುದು ಕಷ್ಟ.

ಹಾಗಾದರೆ ಏನಾಗುತ್ತದೆ ಎಂಬುದಕ್ಕೆ ಅದೇ ಖಂಡದ ಪೂರ್ವ ಕರಾವಳಿಯಲ್ಲಿ ಒಂದು ಎಚ್ಚರಿಕೆ ಇದೆ. ಅಲ್ಲಿನ ಅಟ್ಲಾಂಟಿಕ್ ಮಳೆಕಾಡಿನಲ್ಲಿ ನೇರಳೆ ರೆಕ್ಕೆಯ ನೆಲಪಾರಿವಾಳವೊಂದಿತ್ತು. ಬಿದಿರು ಎಲ್ಲೆಲ್ಲಿ ಬೀಜ ಬಿಡುತ್ತದೋ ಅಲ್ಲಲ್ಲಿಗೆ ಅದು ಅಲೆಯುತ್ತಿತ್ತು. ಆ ಕಾಡಿನ ಹೆಚ್ಚಿನ ಭಾಗ ನಾಶವಾಗಿ ತುಂಡುತುಂಡಾಗಿದೆ. 1980ರ ದಶಕದ ನಂತರ ಆ ಪಾರಿವಾಳ ಕಾಡಿನಲ್ಲಿ ಕಂಡ ಖಚಿತ ದಾಖಲೆ ಇಲ್ಲ.

ನಾವು ಕಲಿಯಬೇಕಾದದ್ದು

ನಮ್ಮ ಪಶ್ಚಿಮ ಘಟ್ಟದ ಬಿದಿರು ಕೂಡ ಎಷ್ಟೋ ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂ ಬಿಟ್ಟು ಸಾಯುತ್ತದೆ. ಬಿದಿರಕ್ಕಿ ಆಯ್ದು ತಿಂದ ಹಿರಿಯರಿಗೆ ಇದು ಗೊತ್ತು. ಆದ್ದರಿಂದ ಕಾಡಿನ ಲೆಕ್ಕ ಬರೆಯುವಾಗ ಎಷ್ಟು ಎಕರೆ ಉಳಿದಿದೆ ಎಂದು ಮಾತ್ರ ಬರೆದರೆ ಸಾಲದು. ಒಂದು ಮೆಳೆಯಿಂದ ಇನ್ನೊಂದು ಮೆಳೆಗೆ ಹೋಗಲು ಹಕ್ಕಿಗೆ ದಾರಿ ಉಳಿದಿದೆಯೇ ಎಂಬುದನ್ನೂ ಬರೆಯಬೇಕು. ಆ ದಾರಿಯನ್ನು ಬಿಟ್ಟು ಬರೆದ ಲೆಕ್ಕ ತಾಳೆಯಾಗುವುದಿಲ್ಲ.