ಲುಕೇಮಿಯಾ ಮನೆತನದ ರೋಗವೇ?

ರತ್ನಗಿರಿ, ರೊಳ್ಳ, ಮಡಕಶಿರಾ ಕಡೆಯ ಊರುಗಳಲ್ಲಿ ಯಾರಿಗಾದರೂ ಅಕ್ಯೂಟ್ ಲುಕೇಮಿಯಾ ಎಂದು ಗೊತ್ತಾದರೆ ಬಹಳ ಮಂದಿ ಹಿಡಿಯುವುದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ. 2022ರಲ್ಲಿ ಮಡಕಶಿರಾ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಈ ದಾರಿ ಮಾತ್ರ ಬದಲಾಗಲಿಲ್ಲ. ಅಲ್ಲಿ ಚಿಕಿತ್ಸೆ ಶುರುವಾಗುವ ಹೊತ್ತಿಗೆ ಊರಲ್ಲಿ ಬೇರೆಯೇ ಮಾತು ಶುರುವಾಗಿರುತ್ತದೆ: 'ಅವರ ಮನೆತನದಲ್ಲೇ ಬ್ಲಡ್ ಕ್ಯಾನ್ಸರ್ ಇದೆಯಂತೆ, ಸಂಬಂಧ ಬೆಳೆಸುವಾಗ ನೋಡಿಕೊಳ್ಳಿ.' ಈ ಮಾತಿನಲ್ಲಿ ಹುರುಳೆಷ್ಟು?

ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿನ ಒಂದು ಎಳೆಯ ಕಣದ ವಂಶವಾಹಿಗಳಲ್ಲಿ ಏರುಪೇರಾಗುತ್ತದೆ. ಅದು ಬಲಿಯುವುದಿಲ್ಲ, ತನ್ನ ಕೆಲಸ ಮಾಡುವುದಿಲ್ಲ, ಸುಮ್ಮನೆ ಎರಡು ನಾಲ್ಕಾಗುತ್ತ ಮಜ್ಜೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಒಳ್ಳೆಯ ಕಣಗಳಿಗೆ ಜಾಗ ಸಿಗದೆ ಸುಸ್ತು, ಬಿಡದ ಜ್ವರ, ಒಸಡಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಲಿಂಫೊಬ್ಲಾಸ್ಟಿಕ್ ಬಗೆ ಹೆಚ್ಚು, ದೊಡ್ಡವರಲ್ಲಿ ಮೈಲಾಯ್ಡ್ ಬಗೆ.

ವೈದ್ಯರು 'ವಂಶವಾಹಿಯ ದೋಷ' ಎಂದ ಕೂಡಲೇ ನಾವು 'ವಂಶದ ದೋಷ' ಎಂದು ಕೇಳಿಸಿಕೊಳ್ಳುತ್ತೇವೆ. ಎಡವುವುದು ಇಲ್ಲೇ. ಬಿತ್ತಿದ ಶೇಂಗಾ ಬೀಜದಲ್ಲೇ ದೋಷವಿದ್ದರೆ ಇಡೀ ಗಿಡದಲ್ಲೂ ಅದಿರುತ್ತದೆ, ಮುಂದಿನ ಬಿತ್ತನೆಗೂ ಹೋಗಬಹುದು. ಬೆಳೆದ ಗಿಡದ ಒಂದೆಲೆಗೆ ಚುಕ್ಕೆ ಬಿದ್ದರೆ ಅದು ಆ ಎಲೆಯ ಪಾಡು. ಬಹುಪಾಲು ಲುಕೇಮಿಯಾ ಈ ಎರಡನೆಯ ಜಾತಿಯದು: ಬದುಕಿನ ನಡುವೆ ಒಂದು ಕಣದಲ್ಲಿ ಆದದ್ದು, ಅಪ್ಪ ಅಮ್ಮ ಕೊಟ್ಟದ್ದಲ್ಲ, ಮಕ್ಕಳಿಗೆ ಹೋಗುವಂಥದ್ದೂ ಅಲ್ಲ.

ಹಾಗಾದರೆ ಅವಳಿಗಳಿಬ್ಬರಿಗೂ ಬರುವುದುಂಟಲ್ಲ? ಉಂಟು. ಒಂದೇ ಮಾಸು ಹಂಚಿಕೊಂಡ ತದ್ರೂಪಿ ಅವಳಿಗಳಲ್ಲಿ ಒಂದಕ್ಕೆ ವರ್ಷ ತುಂಬುವುದರೊಳಗೆ ಲುಕೇಮಿಯಾ ಬಂದರೆ ಇನ್ನೊಂದಕ್ಕೂ ಬರುವ ಸಂಭವ ಬಹಳ ಹೆಚ್ಚು. ಇಂಗ್ಲೆಂಡಿನ ಮೆಲ್ ಗ್ರೀವ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದರ ಕಾರಣ ತೋರಿಸಿಕೊಟ್ಟರು. ಕೆಟ್ಟ ಕಣ ಗರ್ಭದಲ್ಲೇ ಒಂದು ಮಗುವಿನಲ್ಲಿ ಹುಟ್ಟಿ, ಮಾಸಿನ ರಕ್ತನಾಳಗಳ ಮೂಲಕ ಇನ್ನೊಂದನ್ನು ಸೇರಿತ್ತು. ಒಂದೇ ಗರ್ಭದಲ್ಲಿ ಇದ್ದದ್ದರ ಫಲ ಇದು, ಮನೆತನದ್ದಲ್ಲ. ಬೇರೆ ಬೇರೆ ವರ್ಷ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಅಪಾಯ ಉಳಿದವರಿಗಿಂತ ತುಸು ಹೆಚ್ಚಿರಬಹುದು. ರೋಗವೇ ಅಪರೂಪವಾದ್ದರಿಂದ ಆ ಹೆಚ್ಚಳವೂ ಸಣ್ಣದೇ.

ನಿಜವಾಗಿ ಬೀಜದಲ್ಲೇ ಬರುವ ಬಗೆಗಳೂ ಇವೆ, ಅವನ್ನು ಮುಚ್ಚಿಡಬಾರದು. ಆರ್‌ಯುಎನ್‌ಎಕ್ಸ್1, ಜಿಎಟಿಎ2 ಎಂಬ ವಂಶವಾಹಿಗಳ ದೋಷ ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಆ ದೋಷ ಬರುವ ಸಂಭವ ಅರ್ಧದಷ್ಟು. 2015ರಲ್ಲಿ ಗುರುತಿಸಿದ ಡಿಡಿಎಕ್ಸ್41 ಇನ್ನೂ ವಿಚಿತ್ರ: ದೋಷ ಹುಟ್ಟಿನಿಂದಲೇ ಇರುತ್ತದೆ, ರೋಗ ಮಾತ್ರ ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಲುಕೇಮಿಯಾ ಹೆಚ್ಚು, ಆದರೆ ಆ ಸಿಂಡ್ರೋಮ್ ಬಹುಪಾಲು ತಂದೆತಾಯಿಯಿಂದ ಹರಿದು ಬಂದದ್ದಲ್ಲ.

ಲುಕೇಮಿಯಾಕ್ಕೆ ದಾರಿ ಮಾಡುವ ಇಂಥ ಹುಟ್ಟುದೋಷಗಳಲ್ಲಿ ನಮ್ಮ ಸೀಮೆಗೆ ಹತ್ತಿರದ್ದು ಫ್ಯಾಂಕೋನಿ ಅನೀಮಿಯಾ. ಇದರ ಬಹುತೇಕ ಬಗೆಗಳಲ್ಲಿ ದೋಷ ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕು. ಇಬ್ಬರೂ ನೋಡಲು ಆರೋಗ್ಯವಾಗಿಯೇ ಇರುತ್ತಾರೆ. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಂಭವ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವಲ್ಲಿ ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಾಧ್ಯತೆ ಹೆಚ್ಚು. ಗಿಡ್ಡ ಮೈಕಟ್ಟು, ಹೆಬ್ಬೆರಳಿನ ಊನ, ಚರ್ಮದ ಮೇಲೆ ಕಂದು ಮಚ್ಚೆ, ರಕ್ತಹೀನತೆ ಇದರ ಗುರುತುಗಳು. ಹಾಗೆಂದು ಒಳಸಂಬಂಧದ ಮದುವೆಯಾದವರ ಮನೆಗೆಲ್ಲ ಲುಕೇಮಿಯಾ ಬರುತ್ತದೆಂದು ಹೆದರಿಸುವುದು ಅನ್ಯಾಯ.

ಒಂದೇ ಮನೆಯಲ್ಲಿ ಎರಡು ಸಾವಾದರೆ ರಕ್ತದಲ್ಲೇ ಇದೆ ಎನ್ನುವವರು ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅವರ ಮನೆಯನ್ನು ನೋಡಬೇಕು. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದವರು. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ತೀರಿಕೊಂಡರು; ಅದು ಮನೆತನದಲ್ಲಿ ಹರಿದುಬರುವ ರೋಗವೇ ಅಲ್ಲ. ಮುಂದೆ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ಸ್ಪ್ರೂಗೆ ಮದ್ದಾದ ಫೋಲಿಕ್ ಆಮ್ಲವನ್ನು ತಯಾರಿಸಿತು, ಅದನ್ನು ತಡೆಯುವ ಅಮೈನೊಪ್ಟೆರಿನ್ ಅನ್ನೂ ತಯಾರಿಸಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ಲುಕೇಮಿಯಾದ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡದ್ದನ್ನು 1948ರಲ್ಲಿ ಪ್ರಕಟಿಸಿದರು. ಅದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಚಿಕಿತ್ಸೆಯಲ್ಲಿದೆ.

ಆಸ್ಪತ್ರೆಗೆ ಹೋದಾಗ ಮನೆಯ ಕಥೆಯನ್ನು ಸಂಕೋಚವಿಲ್ಲದೆ ಹೇಳಿ: ಹತ್ತಿರದ ಬಂಧುಗಳಲ್ಲಿ ಇನ್ನಾರಿಗಾದರೂ ಲುಕೇಮಿಯಾ ಇತ್ತೇ, ಚಿಕ್ಕ ವಯಸ್ಸಿನಲ್ಲೇ ಬೇರೆ ಕ್ಯಾನ್ಸರ್ ಬಂದಿತ್ತೇ, ಬಹುಕಾಲದಿಂದ ಪ್ಲೇಟ್‌ಲೆಟ್ ಕಡಿಮೆ ಇರುವವರಿದ್ದಾರೆಯೇ, ತಂದೆತಾಯಿ ಮದುವೆಗೆ ಮುಂಚೆಯೇ ನೆಂಟರೇ. ಹೌದು ಎಂದಾದರೆ ವಂಶವಾಹಿ ಪರೀಕ್ಷೆ ಬೇಕೇ ಎಂದು ಕೇಳಿ. ಕೆಟ್ಟ ಕಣಗಳೂ ರಕ್ತದಲ್ಲೇ ಇರುವುದರಿಂದ ಇದಕ್ಕೆ ಸಾಮಾನ್ಯವಾಗಿ ಚರ್ಮದ ಚೂರು ತೆಗೆದುಕೊಳ್ಳುತ್ತಾರೆ. ಅಸ್ಥಿಮಜ್ಜೆ ಕಸಿಯ ಮಾತು ಬಂದಾಗಲಂತೂ ಇದು ತೀರಾ ಮುಖ್ಯ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ದೋಷ ಮನೆತನದ್ದೇ ಆಗಿದ್ದರೆ ಕೊಡುವ ಅಣ್ಣನಲ್ಲೂ ಅದೇ ದೋಷ ಇರಬಹುದು. ಆದ್ದರಿಂದ ಸಂಶಯವಿದ್ದ ಮನೆಗಳಲ್ಲಿ ಮಜ್ಜೆ ತೆಗೆಯುವ ಮೊದಲು ಕೊಡುವವರನ್ನೂ ಪರೀಕ್ಷಿಸುತ್ತಾರೆ.