ಹೂಳು ಮತ್ತು ಕಾವೇರಿಯ ಬಿಳಿಮೀನು

ಶೀತದೇಶಗಳ ಸಾಲ್ಮನ್ ಎಂಬ ಮೀನು ಮೊಟ್ಟೆಯಿಡಲು ಕಡಲಿನಿಂದ ಹೊಳೆಯನ್ನೇರಿ ಬರುವ ಸಂಗತಿ ಲೋಕಪ್ರಸಿದ್ಧವಾದುದು. ಕಡಲನ್ನೇ ಕಾಣದಿದ್ದರೂ ಅದರಂತೆ ಹೊನಲಿಗೆದುರಾಗಿ ಮೇಲೇರುವ ಮೀನು ನಮ್ಮ ಕಾವೇರಿಯಲ್ಲಿಯೂ ಉಂಟು. ಅದುವೇ ಮಹಶೀರ್, ಹೊಳೆದಡದವರ ಮಾತಿನಲ್ಲಿ ಬಿಳಿಮೀನು. ಇದರಲ್ಲಿ ಗೂನುಬೆನ್ನಿನ, ಕಿತ್ತಳೆವಣ್ಣದ ಈಜುರೆಕ್ಕೆಗಳ ಜಾತಿಯೊಂದು ಕಾವೇರಿ ಮತ್ತು ಅದರ ಉಪನದಿಗಳ ಹೊರತು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅದು 50 ಕಿಲೋಗ್ರಾಮಿಗೂ ಮಿಕ್ಕು ಬೆಳೆಯಬಲ್ಲುದು. ಗಾಳದವರಿಗೆ ಬಹುಕಾಲದಿಂದ ಪರಿಚಿತವಾಗಿದ್ದ ಇದಕ್ಕೆ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರೀಯ ನಾಮವು ನಿಶ್ಚಿತವಾದುದು 2018ರಲ್ಲಿ. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಅದು ಸೇರಿದುದೂ ಆ ವರ್ಷವೇ.

ಅದೇ ವರ್ಷದ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುವು. ಮಕ್ಕಂದೂರು, ಹಟ್ಟಿಹೊಳೆ ಮೊದಲಾದೆಡೆಗಳ ಮಣ್ಣು ತೊರೆಗಳಿಗಿಳಿದು ಹಾರಂಗಿಯನ್ನು ಸೇರಿತು. 2020ರಲ್ಲಿ ತಲಕಾವೇರಿಯ ಬೆಟ್ಟವೂ ಜರಿಯಿತು. ಅತಿವೃಷ್ಟಿಯೊಂದೇ ಇದಕ್ಕೆ ಕಾರಣವಲ್ಲ. ಮನೆಗೂ ರಸ್ತೆಗೂ ಇಳಿಜಾರಿನ ಬುಡವನ್ನು ಕಡಿದುದೂ ಕಾರಣವೆಂದು ಭೂವಿಜ್ಞಾನಿಗಳು ತಿಳಿಸಿರುವರು.

ಮಹಶೀರಿನ ಮೊಟ್ಟೆ ತೇಲುವುದಿಲ್ಲ. ಅದು ತಳಕ್ಕಿಳಿದು ಹರಳುಗಲ್ಲುಗಳ ಸಂದಿಯಲ್ಲಿ ನೆಲೆಗೊಳ್ಳುತ್ತದೆ. ಆ ಸಂದಿಗಳಲ್ಲಿ ನೀರು ಹರಿದಾಡಿದರೆ ಮಾತ್ರ ಅದಕ್ಕೆ ಪ್ರಾಣವಾಯು ದೊರೆಯುವುದು. ನುಣ್ಣನೆಯ ಕೆಸರು ಕವಿದರೆ ಮೊಟ್ಟೆಯಲ್ಲಿಯೇ ಮರಿ ಸಾಯುವುದು. ನಮ್ಮ ನುಡಿಯಲ್ಲಿ ‘ಹೂಳು’ ಎಂಬುದು ನಾಮಪದವೂ ಹೌದು, ನೆಲದಲ್ಲಿ ಮುಚ್ಚು ಎಂಬರ್ಥದ ಕ್ರಿಯಾಪದವೂ ಹೌದು. ಹಳಗನ್ನಡದ ‘ಪೂೞ್’ ಇದರ ಪೂರ್ವರೂಪ. ಶಬ್ದವು ಇಲ್ಲಿ ಎಷ್ಟು ಯಥಾರ್ಥವಾಗಿದೆ ಎಂಬುದನ್ನು ವಾಚಕರೇ ಗಮನಿಸಬಹುದು.

ಹೂಳೆತ್ತಿದರೆ ಸಾಕೆಂಬುದು ಸಾಮಾನ್ಯವಾದ ಅಭಿಪ್ರಾಯ. ಜಲಾಶಯಕ್ಕೆ ಅದು ಒಪ್ಪಬಹುದು. ಹರಿಯುವ ಹೊಳೆಯಲ್ಲಿ ಯಂತ್ರವಿಳಿಸಿ ಬಾಚಿದರೆ ಕೆಸರಿನೊಡನೆ ಮೊಟ್ಟೆಯಿಡುವ ಹರಳುನೆಲವೂ ಹೋಗುತ್ತದೆ, ದಡವೂ ಸಡಿಲವಾಗುತ್ತದೆ. ಮರಿ ಬಿಡುವುದರಲ್ಲಿಯೂ ವಿವೇಚನೆ ಬೇಕು. ಕಳೆದ ಶತಮಾನದ ಉತ್ತರಾರ್ಧದಲ್ಲಿ ನೀಲಿರೆಕ್ಕೆಯ ಮಹಶೀರಿನ ಮರಿಗಳನ್ನು ಸದುದ್ದೇಶದಿಂದಲೇ ಹೊರಗಿನಿಂದ ತಂದು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದಂತೆ ಗೂನುಬೆನ್ನಿನ ಮೂಲನಿವಾಸಿ ಕುಗ್ಗುತ್ತ ಬಂದಿತು. ರಾಮನಾಥಪುರದಂತಹ ಕ್ಷೇತ್ರಗಳಲ್ಲಿ ದೇವರ ಹೆಸರಿನಿಂದ ಮೀನನ್ನು ಕಾಯುವ ಪದ್ಧತಿ ಶ್ಲಾಘ್ಯವೇ. ಆದರೆ ಮೇಲಿನಿಂದ ಇಳಿಯುವ ಮಣ್ಣನ್ನು ಆ ಕಟ್ಟಳೆ ತಡೆಯಲಾರದು.

ಆದುದರಿಂದ ಚಿಕಿತ್ಸೆಯು ಬೆಟ್ಟದಲ್ಲಿಯೇ ಮೊದಲಾಗಬೇಕು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಕಾಫಿತೋಟದ ಒಡೆಯರಿರುವರು; ಈ ಭಾಗವು ವಿಶೇಷವಾಗಿ ಅವರಿಗೆ. ತೊರೆಯ ಎರಡು ಮಗ್ಗುಲಲ್ಲಿಯೂ ಹೊಳೆಮತ್ತಿ, ನೇರಳೆ, ಹೊಂಗೆ, ಬಿದಿರುಗಳ ಪಟ್ಟಿಯೊಂದನ್ನು ಕಡಿಯದೆ ಬಿಡುವುದು, ಇಲ್ಲದಿದ್ದರೆ ನೆಡುವುದು. ತೋಟದ ದಾರಿಯ ನೀರು ಒಂದೇ ಕೊರಕಲಾಗಿ ತೊರೆಗೆ ಧುಮುಕದಂತೆ ಅಲ್ಲಲ್ಲಿ ತಿರುಗಿಸಿ, ಇಂಗುಗುಂಡಿಗಳಲ್ಲಿ ಮಣ್ಣನ್ನು ನಿಲ್ಲಿಸುವುದು. ಕುಸಿದ ಜಾಗವನ್ನು ಸಮತಟ್ಟುಮಾಡಿ ಮತ್ತೆ ಕಟ್ಟಡವೆಬ್ಬಿಸದೆ ಹುಲ್ಲಿಗೂ ಗಿಡಕ್ಕೂ ಬಿಟ್ಟುಕೊಡುವುದು. ಮೇಲಿನಿಂದ ಹೊಸ ಮಣ್ಣು ಬಾರದೆ ನಿಂತರೆ ಮಳೆಗಾಲದ ಹೊನಲೇ ಹರಳುಗಳನ್ನು ತೊಳೆಯಬಲ್ಲುದು. ಅದಕ್ಕೆ ಕೆಲವು ವರ್ಷಗಳು ಹಿಡಿಯಬಹುದು. ಮಣ್ಣು ಅಗೆಯುವ ಕೆಲಸವೇನಿದ್ದರೂ ಮೇ ತಿಂಗಳೊಳಗೆ ಮುಗಿದು, ಬರಿದಾದ ನೆಲಕ್ಕೆ ಹೊದಿಕೆಯಾಗಿರಬೇಕು. ಏಕೆಂದರೆ ಮಳೆ ಹಿಡಿದು ಹೊಳೆಯೇರಿದಾಗಲೇ ಬಿಳಿಮೀನು ಮೇಲಕ್ಕೆ ಹೊರಡುವುದು.